ಪಟ್ಟಿಯಲ್ಲಿ ಹೆಸರಿರಲಿ: ಕೊರೋನಾ ಕಾಲವು ಸಣ್ಣ ವ್ಯಾಪಾರಿಗಳಿಗೆ ಕಲಿಸಿದ ಪಾಠ

(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಸಂಘದ ಹಿರಿಯರು ನನ್ನನ್ನು ಕರೆದು, ಕೊರೋನಾ ಕಾಲದಲ್ಲಿ ಸಣ್ಣ ವ್ಯಾಪಾರಿಗಳಿಗೆ ಸ್ಥಳೀಯ ಆಡಳಿತದಿಂದ ದೊರೆತ ಮಾರ್ಗದರ್ಶನ ಮತ್ತು ನೆರವಿನ ಬಗ್ಗೆ ನಾಲ್ಕು ಮಾತು ಹೇಳಬೇಕೆಂದರು. ನಾನು ಅರ್ಥಶಾಸ್ತ್ರ ಓದಿದವಳಲ್ಲ. ಶಾಲೆಯಲ್ಲಿ ಉರ್ದು ಮತ್ತು ಕನ್ನಡ ಕಲಿಸುವವಳು. ಆದರೆ ನನ್ನ ತರಗತಿಯ ಹಾಜರಿ ಪುಸ್ತಕ ತೆರೆದರೆ ತಂದೆಯ ಉದ್ಯೋಗ ಎಂಬ ಕಾಲಂನಲ್ಲಿ ಕಾಣುವುದೇ ಈ ವಿಷಯ. ಹಣ್ಣಿನ ಗಾಡಿ, ದರ್ಜಿ, ಬೈಕ್ ಮೆಕ್ಯಾನಿಕ್, ಗುಜರಿ, ಕೋಳಿ ಅಂಗಡಿ, ಬಳೆ ವ್ಯಾಪಾರ, ಆಟೋ, ವೆಲ್ಡಿಂಗ್, ಬೇಕರಿ ಕೆಲಸ. ನಮ್ಮ ಮಕ್ಕಳ ಶಾಲೆಯ ಫೀಸು, ಪುಸ್ತಕ, ಚಪ್ಪಲಿ ಎಲ್ಲವೂ ಈ ದುಡಿಮೆಯಿಂದಲೇ ಬರುತ್ತವೆ. ಆದ್ದರಿಂದ ಇದು ಶಿಕ್ಷಣದ ವಿಷಯವೂ ಹೌದು ಎಂದು ನಾನು ಒಪ್ಪಿಕೊಂಡೆ.

ಕೆಲವರು ಕೇಳಬಹುದು: ಕೊರೋನಾ ಮುಗಿದ ಕಥೆಯಲ್ಲವೇ, ಈಗೇಕೆ ಆ ಮಾತು? ನಿಜ, ವಿಶ್ವ ಆರೋಗ್ಯ ಸಂಸ್ಥೆಯು 2023ರ ಮೇ 5ರಂದೇ ಆ ತುರ್ತು ಪರಿಸ್ಥಿತಿ ಕೊನೆಗೊಂಡಿತೆಂದು ಹೇಳಿತು. ಆದರೆ ಮಳೆ ನಿಂತ ಮೇಲೆಯೇ ಮನೆಯ ಹೆಂಚು ಸರಿಪಡಿಸುವುದು ನಮ್ಮ ಊರುಗಳ ಪದ್ಧತಿ. ಮುಂದಿನ ಮಳೆ ಯಾವ ರೂಪದಲ್ಲಿ ಬರುತ್ತದೋ ಯಾರಿಗೆ ಗೊತ್ತು? ರೋಗವಾಗಿ ಬರಬಹುದು, ಪ್ರವಾಹವಾಗಿ ಬರಬಹುದು, ರಸ್ತೆ ಅಗಲೀಕರಣವಾಗಿಯೂ ಬರಬಹುದು.

ಬಾಗಿಲು ಮುಚ್ಚಿದ ದಿನಗಳು

ಮೊದಲು ಆ ದಿನಗಳನ್ನು ಸ್ವಲ್ಪ ನೆನಪಿಸಿಕೊಳ್ಳೋಣ. 2020ರ ಮಾರ್ಚ್ 22ರಂದು ಜನತಾ ಕರ್ಫ್ಯೂ. ಮಾರ್ಚ್ 25ರಿಂದ ದೇಶಾದ್ಯಂತ ಲಾಕ್‌ಡೌನ್. ಆ ದಿನವೇ ಯುಗಾದಿ. ಹಬ್ಬಕ್ಕೆಂದು ಹೂವು, ಮಾವಿನ ಸೊಪ್ಪು, ಬಟ್ಟೆ ತರಿಸಿದ್ದವರ ಬಂಡವಾಳ ಕಣ್ಣೆದುರೇ ಬಾಡಿತು. ಏಪ್ರಿಲ್ ಕೊನೆಯಲ್ಲಿ ರಂಜಾನ್ ಆರಂಭವಾಯಿತು. ದರ್ಜಿಗಳಿಗೆ, ಬಟ್ಟೆ, ಬಳೆ, ಚಪ್ಪಲಿ, ಅತ್ತರು, ಖರ್ಜೂರ ಮಾರುವವರಿಗೆ ವರ್ಷದ ದುಡಿಮೆಯ ದೊಡ್ಡ ಪಾಲು ಬರುವುದು ಆ ಒಂದು ತಿಂಗಳಲ್ಲಿ. 2020ರ ರಂಜಾನ್ ಪೂರ್ತಿ ಲಾಕ್‌ಡೌನಿನಲ್ಲೇ ಕಳೆಯಿತು. 2021ರಲ್ಲಿ ಹಾಗಾಗದು ಎಂದು ಮತ್ತೆ ಸಾಲ ಮಾಡಿ ಮಾಲು ತಂದರು. ಆ ವರ್ಷವೂ ಏಪ್ರಿಲ್ 27ರಿಂದ ರಾಜ್ಯದಲ್ಲಿ ಕರ್ಫ್ಯೂ, ಮೇ 10ರಿಂದ ಇನ್ನೂ ಬಿಗಿಯಾದ ಲಾಕ್‌ಡೌನ್. ಮೇ ಮಧ್ಯದಲ್ಲಿ ಈದ್ ಬಂದಾಗ ಅಂಗಡಿ ಬಾಗಿಲು ಮುಚ್ಚಿಯೇ ಇತ್ತು. ಎರಡು ವರ್ಷ, ಎರಡು ಹಂಗಾಮು. ದೊಡ್ಡ ಅಂಗಡಿಯವರು ಒಂದು ಹಂಗಾಮಿನ ನಷ್ಟವನ್ನು ಮುಂದಿನದರಲ್ಲಿ ತುಂಬಿಕೊಳ್ಳಬಲ್ಲರು. ಸಣ್ಣವರಿಗೆ ಮುಂದಿನ ಹಂಗಾಮಿನವರೆಗೆ ಉಸಿರು ಹಿಡಿದಿರುವುದೇ ಕಷ್ಟ.

ಮಾರ್ಗದರ್ಶನ ಹೇಗೆ ಬಂತು?

ಆ ಕಾಲದಲ್ಲಿ ಆದೇಶಗಳು ಮೇಲಿನಿಂದ ಕೆಳಗೆ ಹರಿದು ಬರುತ್ತಿದ್ದವು. ಕೇಂದ್ರ ಗೃಹ ಸಚಿವಾಲಯ, ರಾಜ್ಯ ಸರ್ಕಾರ, ಜಿಲ್ಲಾಧಿಕಾರಿ, ಕೊನೆಗೆ ನಮ್ಮ ಪುರಸಭೆ ಅಥವಾ ನಗರಸಭೆ. ಬೀದಿಯಲ್ಲಿ ನಿಂತ ವ್ಯಾಪಾರಿಗೆ ಕಾಣುತ್ತಿದ್ದುದು ಕೊನೆಯ ಮೆಟ್ಟಿಲು ಮಾತ್ರ: ಧ್ವನಿವರ್ಧಕ ಕಟ್ಟಿಕೊಂಡು ಬರುವ ಪುರಸಭೆಯ ಆಟೋ, ಆರೋಗ್ಯ ನಿರೀಕ್ಷಕರು, ಲಾಠಿ ಹಿಡಿದ ಪೊಲೀಸರು.

ಸ್ಥಳೀಯ ಸಂಸ್ಥೆಗಳು ಏನೂ ಮಾಡಲಿಲ್ಲ ಎಂದು ಹೇಳಿದರೆ ಅನ್ಯಾಯವಾಗುತ್ತದೆ. ಅನೇಕ ಊರುಗಳಲ್ಲಿ ಇಕ್ಕಟ್ಟಾದ ತರಕಾರಿ ಮಾರುಕಟ್ಟೆಯನ್ನು ಆಟದ ಮೈದಾನಕ್ಕೆ, ಎಪಿಎಂಸಿ ಪ್ರಾಂಗಣಕ್ಕೆ ಸ್ಥಳಾಂತರಿಸಿದರು. ಸುಣ್ಣದಲ್ಲಿ ಚೌಕ ಎಳೆದು ಅಂತರ ಗುರುತಿಸಿದರು. ವಾರ್ಡಿನೊಳಗೆ ತಳ್ಳುಗಾಡಿಯವರಿಗೆ ಪಾಸು ಕೊಟ್ಟರು. ಪೌರಕಾರ್ಮಿಕರು ದಿನವೂ ಔಷಧಿ ಸಿಂಪಡಿಸಿದರು. ಇದಕ್ಕೆ ಕಾರಣವೂ ಇತ್ತು. 2020ರ ಏಪ್ರಿಲ್ ಕೊನೆ ಮತ್ತು ಮೇ ತಿಂಗಳಲ್ಲಿ ಚೆನ್ನೈನ ಕೋಯಂಬೇಡು ಸಗಟು ಮಾರುಕಟ್ಟೆಯಿಂದ ಸೋಂಕು ತಮಿಳುನಾಡಿನ ಅನೇಕ ಜಿಲ್ಲೆಗಳಿಗೆ ಹರಡಿತು. ಮೇ ಆರಂಭದಲ್ಲಿ ಆ ಮಾರುಕಟ್ಟೆಯನ್ನು ಮುಚ್ಚಿ ತಿರುಮಳಿಶೈಗೆ ಸಾಗಿಸಬೇಕಾಯಿತು. ಬೆಂಗಳೂರಿನ ಕೆ.ಆರ್. ಮಾರುಕಟ್ಟೆ ಮತ್ತು ಕಲಾಸಿಪಾಳ್ಯ ಮಾರುಕಟ್ಟೆಗಳು ತಿಂಗಳುಗಟ್ಟಲೆ ಮುಚ್ಚಿದ್ದು 2020ರ ಸೆಪ್ಟೆಂಬರ್ 1ರಂದು ತೆರೆದವು. ನಿಯಮಗಳು ಬೇಕಿದ್ದವು ಎಂಬುದರಲ್ಲಿ ಎರಡು ಮಾತಿಲ್ಲ.

ತೊಂದರೆ ಇದ್ದುದು ನಿಯಮದ ಭಾಷೆಯಲ್ಲಿ ಮತ್ತು ಅದು ಬದಲಾಗುವ ವೇಗದಲ್ಲಿ. ಒಂದು ಉದಾಹರಣೆ ಕೊಡುತ್ತೇನೆ. 2020ರ ಏಪ್ರಿಲ್ 24ರ ಕೇಂದ್ರದ ಆದೇಶದಲ್ಲಿ ಊರೊಳಗಿನ ಒಂಟಿ ಅಂಗಡಿಗಳು ಮತ್ತು ವಸತಿ ಪ್ರದೇಶದ ಅಂಗಡಿಗಳು ಅರ್ಧದಷ್ಟು ಕೆಲಸಗಾರರೊಂದಿಗೆ ತೆರೆಯಬಹುದು, ಮಾರುಕಟ್ಟೆ ಸಂಕೀರ್ಣದ ಅಂಗಡಿಗಳು ತೆರೆಯುವಂತಿಲ್ಲ ಎಂದಿತ್ತು. ಸಾಲಾಗಿ ಐದು ಅಂಗಡಿ ಇರುವ ಕಡೆ ನಡುವಿನ ದರ್ಜಿಯದು ಒಂಟಿ ಅಂಗಡಿಯೋ, ಮಾರುಕಟ್ಟೆಯೋ? ಯಾರನ್ನು ಕೇಳಬೇಕು? ಅದೇ ಆದೇಶದಲ್ಲಿ ಇನ್ನೊಂದು ಮಾತು ಇತ್ತು, ಅದನ್ನು ದಯವಿಟ್ಟು ಗಮನಿಸಿ: ತೆರೆಯಲು ಅನುಮತಿ ಇದ್ದುದು ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿಯಾದ ಅಂಗಡಿಗಳಿಗೆ. ಅಂದರೆ ಹಣದ ನೆರವು ಹಾಗಿರಲಿ, ಬಾಗಿಲು ತೆರೆಯುವುದಕ್ಕೂ ಒಂದು ಪಟ್ಟಿಯಲ್ಲಿ ಹೆಸರಿರಬೇಕಾಗಿತ್ತು. ಇದೇ ಇಂದಿನ ನನ್ನ ಮಾತಿನ ತಿರುಳು.

ಇನ್ನೊಂದು ನೋವಿನ ವಿಷಯವನ್ನೂ ಹೇಳದೆ ಮುಂದೆ ಹೋಗಲಾರೆ. 2020ರ ಏಪ್ರಿಲ್‌ನಲ್ಲಿ ಮುಸ್ಲಿಂ ಹಣ್ಣು, ತರಕಾರಿ ವ್ಯಾಪಾರಿಗಳ ಬಗ್ಗೆ ಸುಳ್ಳು ವಿಡಿಯೋಗಳು ಮೊಬೈಲಿನಿಂದ ಮೊಬೈಲಿಗೆ ಹರಿದಾಡಿದವು. ಕೆಲವು ಬೀದಿಗಳಿಗೆ ಗಾಡಿ ತರಬೇಡಿ ಎಂದರು. ಒಂದಿಬ್ಬರ ಘಟನೆಗಾಗಿ ಇಡೀ ಸಮುದಾಯವನ್ನು ದೂಷಿಸುವವರ ಮೇಲೆ ಕ್ರಮ ಕೈಗೊಳ್ಳುವುದಾಗಿ ಅಂದಿನ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪನವರು ಆಗ ಬಹಿರಂಗವಾಗಿ ಎಚ್ಚರಿಸಿದರು. ನಾವು ಅದನ್ನು ನೆನೆಯಬೇಕು. ಅನೇಕ ಹಿಂದೂ ನೆರೆಯವರು ತಮ್ಮ ಮಾಮೂಲಿ ಗಾಡಿಯವರ ಬಳಿಯೇ ಕೊಂಡರು, ಅದನ್ನೂ ನೆನೆಯಬೇಕು. ಇಂಥ ಹೊತ್ತಿನಲ್ಲಿ ಪುರಸಭೆಯ ಮೊಹರು ಇರುವ ಗುರುತಿನ ಚೀಟಿಯೊಂದು ಕೊರಳಲ್ಲಿದ್ದರೆ ಅದು ಹೊಟ್ಟೆಪಾಡಿನ ಕಾಗದಕ್ಕಿಂತ ದೊಡ್ಡದು. ನಾನು ಈ ಊರಿನವನು, ಇಲ್ಲಿ ವ್ಯಾಪಾರ ಮಾಡುವ ಹಕ್ಕು ನನಗಿದೆ ಎಂದು ಅದು ಹೇಳುತ್ತದೆ.

ನೆರವು ಯಾರಿಗೆ ತಲುಪಿತು?

2020ರ ಮೇ 6ರಂದು ರಾಜ್ಯ ಸರ್ಕಾರ 1,610 ಕೋಟಿ ರೂಪಾಯಿಗಳ ಪರಿಹಾರ ಪ್ಯಾಕೇಜನ್ನು ಪ್ರಕಟಿಸಿತು. ಸುಮಾರು 60 ಸಾವಿರ ಅಗಸರಿಗೆ, 2 ಲಕ್ಷ 30 ಸಾವಿರ ಕ್ಷೌರಿಕರಿಗೆ, 7 ಲಕ್ಷ 75 ಸಾವಿರ ಆಟೋ ಮತ್ತು ಟ್ಯಾಕ್ಸಿ ಚಾಲಕರಿಗೆ ತಲಾ 5,000 ರೂಪಾಯಿ. ಸಣ್ಣ ಕೈಗಾರಿಕೆಗಳಿಗೆ ಎರಡು ತಿಂಗಳ ವಿದ್ಯುತ್ತಿನ ನಿಗದಿತ ಶುಲ್ಕ ಮನ್ನಾ. ಕೇಳಲು ಎಷ್ಟು ಸಮಾಧಾನ! ಆದರೆ ಘೋಷಿಸಿದ ಸಂಖ್ಯೆಗೂ ಹಣ ಕೈಗೆ ಬಂದವರ ಸಂಖ್ಯೆಗೂ ಬಹಳ ಅಂತರ ಉಳಿಯಿತು. ಅರ್ಜಿಯನ್ನು ಸೇವಾ ಸಿಂಧು ಜಾಲತಾಣದಲ್ಲಿ ಹಾಕಬೇಕು. ಚಾಲಕರಿಗೆ ಲೈಸೆನ್ಸ್ ಮತ್ತು ವಾಹನದ ದಾಖಲೆ ಬೇಕು. ಕ್ಷೌರಿಕರು ಮತ್ತು ಅಗಸರು ತಾವು ಆ ಕಸುಬು ಮಾಡುತ್ತಿರುವುದಕ್ಕೆ ದೃಢೀಕರಣ ತರಬೇಕು. ಇಪ್ಪತ್ತು ವರ್ಷ ಕತ್ತರಿ ಹಿಡಿದ ಕೈಗೆ ತಾನು ಕ್ಷೌರಿಕನೆಂದು ತೋರಿಸುವ ಒಂದು ಕಾಗದ ಇರಲಿಲ್ಲ. ಸೈಬರ್ ಸೆಂಟರ್‌ಗಳೂ ಆಗ ಮುಚ್ಚಿದ್ದವು ಎಂಬುದನ್ನು ಮರೆಯಬೇಡಿ.

2021ರ ಮೇ 19ರಂದು ಎರಡನೇ ಅಲೆಯ ಸಮಯದಲ್ಲಿ 1,250 ಕೋಟಿ ರೂಪಾಯಿಗಳ ಇನ್ನೊಂದು ಪ್ಯಾಕೇಜು ಬಂತು. ಆಟೋ, ಟ್ಯಾಕ್ಸಿ ಚಾಲಕರಿಗೆ 3,000 ರೂಪಾಯಿ. ದರ್ಜಿ, ಮೆಕ್ಯಾನಿಕ್, ಹಮಾಲಿ, ಚಿಂದಿ ಆಯುವವರು, ಚಮ್ಮಾರರು, ಕ್ಷೌರಿಕರು, ಅಗಸರು ಮೊದಲಾದ ಅಸಂಘಟಿತ ಕಾರ್ಮಿಕರಿಗೆ 2,000 ರೂಪಾಯಿ. ಬೀದಿ ಬದಿ ವ್ಯಾಪಾರಿಗಳಿಗೂ 2,000 ರೂಪಾಯಿ, ಆದರೆ ಆತ್ಮನಿರ್ಭರ ನಿಧಿಯಲ್ಲಿ ನೋಂದಾಯಿತರಾದ ಸುಮಾರು 2 ಲಕ್ಷ 20 ಸಾವಿರ ಮಂದಿಗೆ. ಇಲ್ಲೂ ಪಟ್ಟಿ! ಪಕ್ಕಪಕ್ಕದಲ್ಲಿ ಗಾಡಿ ನಿಲ್ಲಿಸುವ ಇಬ್ಬರು ಬಾಳೆಹಣ್ಣಿನವರಲ್ಲಿ ಪಟ್ಟಿಯಲ್ಲಿದ್ದವರ ಖಾತೆಗೆ ಹಣ ಬಂತು, ಸಮೀಕ್ಷೆಯ ದಿನ ಬೇರೆ ಊರಿನ ಸಂತೆಗೆ ಹೋಗಿದ್ದವರಿಗೆ ಬರಲಿಲ್ಲ. ಇಬ್ಬರ ಕಷ್ಟ ಒಂದೇ, ಇಬ್ಬರ ಮಕ್ಕಳೂ ಕೂರುವುದು ಒಂದೇ ಬೆಂಚಿನಲ್ಲಿ.

ಆತ್ಮನಿರ್ಭರ ನಿಧಿ, ಅಂದರೆ ಪಿಎಂ ಸ್ವನಿಧಿ ಯೋಜನೆ 2020ರ ಜೂನ್ 1ರಂದು ಆರಂಭವಾಯಿತು. ಜಾಮೀನು ಇಲ್ಲದೆ ಮೊದಲ ಬಾರಿಗೆ 10,000 ರೂಪಾಯಿ ಸಾಲ, ಒಂದು ವರ್ಷದಲ್ಲಿ ಕಂತಿನಲ್ಲಿ ಮರುಪಾವತಿ. ಸರಿಯಾಗಿ ಕಟ್ಟಿದವರಿಗೆ ಮುಂದೆ 20,000, ಆಮೇಲೆ 50,000. ಶೇಕಡಾ 7ರ ಬಡ್ಡಿ ಸಹಾಯಧನ. 2025ರ ಆಗಸ್ಟ್‌ನಲ್ಲಿ ಕೇಂದ್ರ ಸಂಪುಟ ಈ ಯೋಜನೆಯನ್ನು 2030ರ ಮಾರ್ಚ್ 31ರವರೆಗೆ ವಿಸ್ತರಿಸಿ, ಮೊದಲ ಕಂತಿನ ಸಾಲವನ್ನು 15,000ಕ್ಕೆ, ಎರಡನೆಯದನ್ನು 25,000ಕ್ಕೆ ಏರಿಸಿತು. 2025ರ ಜುಲೈ ಕೊನೆಯವರೆಗೆ ದೇಶದಲ್ಲಿ 68 ಲಕ್ಷಕ್ಕೂ ಹೆಚ್ಚು ವ್ಯಾಪಾರಿಗಳು ಇದರಲ್ಲಿ ಸಾಲ ಪಡೆದಿದ್ದರು. ಸಾಲ ಕೊಡುವುದು ಬ್ಯಾಂಕು. ಆದರೆ ಇವರು ಬೀದಿ ವ್ಯಾಪಾರಿ ಹೌದು ಎಂದು ಹೇಳಬೇಕಾದದ್ದು ಸ್ಥಳೀಯ ಸಂಸ್ಥೆ. ಸಮೀಕ್ಷೆಯಲ್ಲಿ ಹೆಸರು ಬಿಟ್ಟುಹೋದವರಿಗೆ ಶಿಫಾರಸು ಪತ್ರ ಕೊಡುವ ಅಧಿಕಾರವೂ ಅದಕ್ಕೇ ಇತ್ತು. ಈ ಪತ್ರದ ಸೌಲಭ್ಯ ಇದೆ ಎಂಬುದೇ ಗೊತ್ತಿಲ್ಲದೆ ಎಷ್ಟೋ ಜನ ಮನೆಯಲ್ಲಿ ಕುಳಿತರು.

ಅಂಗಡಿ ಇಟ್ಟವರ ಕಥೆಯೂ ಹೀಗೆಯೇ. 2020ರ ಮೇ ತಿಂಗಳಲ್ಲಿ ಕೇಂದ್ರವು ಸಣ್ಣ ಉದ್ಯಮಗಳಿಗೆ 3 ಲಕ್ಷ ಕೋಟಿ ರೂಪಾಯಿಗಳ ತುರ್ತು ಸಾಲ ಖಾತರಿ ಯೋಜನೆ ತಂದಿತು. ಅದರಲ್ಲಿ 2020ರ ಫೆಬ್ರವರಿ 29ಕ್ಕೆ ಬ್ಯಾಂಕಿನಲ್ಲಿ ಬಾಕಿ ಇದ್ದ ಸಾಲದ ಶೇಕಡಾ 20ರಷ್ಟು ಹೊಸ ಸಾಲ ಸಿಗುತ್ತಿತ್ತು. ಬ್ಯಾಂಕಿನಿಂದ ಎಂದೂ ಸಾಲ ಪಡೆಯದೆ ಚೀಟಿ ಹಣದಿಂದ, ಸಂಬಂಧಿಕರ ಕೈಗಡದಿಂದ ಅಂಗಡಿ ನಡೆಸಿದವರಿಗೆ ಸೊನ್ನೆಯ ಶೇಕಡಾ 20 ಎಂದರೆ ಸೊನ್ನೆಯೇ ತಾನೇ?

ದೂರದ ಒಂದು ದೇಶದ ಅನುಭವ

ಇದು ನಮ್ಮ ಬಡ ದೇಶದ ಹಣೆಬರಹ ಎಂದು ಕೆಲವರು ಹೇಳುತ್ತಾರೆ. ಹಾಗಿಲ್ಲ. 2020ರಲ್ಲಿ ಇಂಗ್ಲೆಂಡಿನಲ್ಲಿ ಸಣ್ಣ ವ್ಯಾಪಾರಿಗಳಿಗೆ ಸರ್ಕಾರದ ಹಣವನ್ನು ಹಂಚಿದ್ದು ಅಲ್ಲಿನ ಸ್ಥಳೀಯ ಕೌನ್ಸಿಲ್‌ಗಳು, ಅಂದರೆ ನಮ್ಮ ನಗರಸಭೆಗಳಂಥವು. ಮರುಪಾವತಿ ಬೇಡದ 10,000 ಪೌಂಡುಗಳ ಅನುದಾನ. ಯಾರಿಗೆ? ವ್ಯಾಪಾರದ ಕಟ್ಟಡಗಳ ತೆರಿಗೆ ಪುಸ್ತಕದಲ್ಲಿ ಹೆಸರಿದ್ದವರಿಗೆ. ಸಂತೆಯಲ್ಲಿ ಮಳಿಗೆ ಹಾಕುವವರು, ಒಂದೇ ಕಟ್ಟಡವನ್ನು ಹಂಚಿಕೊಂಡು ಕೆಲಸ ಮಾಡುವವರು ಆ ಪುಸ್ತಕದಲ್ಲಿ ಇರಲಿಲ್ಲ, ಹೊರಗುಳಿದರು. ದೂರುಗಳು ಬಂದವು. ಮೇ ತಿಂಗಳಲ್ಲಿ ಸರ್ಕಾರ ಅಂಥವರಿಗಾಗಿಯೇ ಕೌನ್ಸಿಲ್‌ಗಳ ವಿವೇಚನೆಗೆ ಬಿಟ್ಟ ಪ್ರತ್ಯೇಕ ನಿಧಿಯನ್ನು ಕೊಟ್ಟಿತು.

ಇದರಲ್ಲಿ ಎರಡು ಪಾಠಗಳಿವೆ. ಶ್ರೀಮಂತ ದೇಶದಲ್ಲೂ ಸಂಕಟದ ಹೊತ್ತಿನ ನೆರವು ಮೊದಲು ಹರಿಯುವುದು ಪಟ್ಟಿ ಇದ್ದ ಕಡೆಗೆ. ಹೊಸ ಪಟ್ಟಿ ಮಾಡಲು ಆಗ ಪುರುಸೊತ್ತು ಇರುವುದಿಲ್ಲ. ಎರಡನೆಯದು, ಬಿಟ್ಟುಹೋದವರು ಸಂಘಟಿತರಾಗಿ ಕೇಳಿದರೆ ಆಡಳಿತ ತನ್ನ ನಿಯಮವನ್ನು ತಿದ್ದಿಕೊಳ್ಳಬಲ್ಲದು.

ನಮಗೊಂದು ಒಳ್ಳೆಯ ಕಾಯ್ದೆ ಇದೆ

ವಿದ್ಯಾರ್ಥಿಗಳು ಮುಖ್ಯವಾಗಿ ಇದನ್ನು ಕೇಳಬೇಕು. 2014ರಲ್ಲಿ ಸಂಸತ್ತು ಬೀದಿ ಬದಿ ವ್ಯಾಪಾರಿಗಳ ಜೀವನೋಪಾಯ ರಕ್ಷಣೆ ಮತ್ತು ವ್ಯಾಪಾರ ನಿಯಂತ್ರಣ ಕಾಯ್ದೆಯನ್ನು ಮಾಡಿತು. ಅದರ ಪ್ರಕಾರ ಪ್ರತಿ ಪಟ್ಟಣದಲ್ಲಿ ಪಟ್ಟಣ ವ್ಯಾಪಾರ ಸಮಿತಿ ಇರಬೇಕು. ಅದರ ಸದಸ್ಯರಲ್ಲಿ ಕನಿಷ್ಠ ಶೇಕಡಾ 40ರಷ್ಟು ಮಂದಿ ವ್ಯಾಪಾರಿಗಳೇ ಆಗಿದ್ದು, ವ್ಯಾಪಾರಿಗಳಿಂದಲೇ ಚುನಾಯಿತರಾಗಬೇಕು. ಅವರಲ್ಲಿ ಮೂರನೇ ಒಂದು ಭಾಗ ಮಹಿಳೆಯರು. ಪರಿಶಿಷ್ಟರು, ಹಿಂದುಳಿದವರು, ಅಲ್ಪಸಂಖ್ಯಾತರು, ಅಂಗವಿಕಲರಿಗೆ ಪ್ರಾತಿನಿಧ್ಯ ಇರಬೇಕು. ಕನಿಷ್ಠ ಐದು ವರ್ಷಕ್ಕೊಮ್ಮೆ ಸಮೀಕ್ಷೆ ನಡೆಯಬೇಕು. ಸಮೀಕ್ಷೆ ಮುಗಿದು ಎಲ್ಲರಿಗೂ ವ್ಯಾಪಾರ ಪ್ರಮಾಣಪತ್ರ ಕೊಡುವವರೆಗೆ ಯಾರನ್ನೂ ಎಬ್ಬಿಸುವಂತಿಲ್ಲ. ಎಬ್ಬಿಸುವುದಾದರೆ 30 ದಿನಗಳ ನೋಟೀಸು ಕೊಡಬೇಕು.

ನಿಮ್ಮ ಊರಿನ ಸಮಿತಿಯಲ್ಲಿ ಯಾರಿದ್ದಾರೆ? ಕೊನೆಯ ಸಮೀಕ್ಷೆ ಯಾವಾಗ ನಡೆಯಿತು? ಈ ಎರಡು ಪ್ರಶ್ನೆಗಳನ್ನು ಹಿಡಿದು ಪುರಸಭೆಗೆ ಹೋದರೆ ಅದು ತಗಾದೆಯಾಗುವುದಿಲ್ಲ, ಕಾಯ್ದೆಯನ್ನು ನೆನಪಿಸಿದಂತಾಗುತ್ತದೆ.

ಹಿಂಜರಿಕೆಗಳು ಏಕೆ?

ನಮ್ಮವರು ಏಕೆ ಪಟ್ಟಿಗೆ ಸೇರುವುದಿಲ್ಲ? ಪೋಷಕರೊಂದಿಗೆ ಮಾತಾಡುವಾಗ ನಾನು ಮೂರು ಕಾರಣಗಳನ್ನು ಕೇಳಿದ್ದೇನೆ. ಮೂರನ್ನೂ ಗೌರವದಿಂದಲೇ ನೋಡಬೇಕು.

ಮೊದಲನೆಯದು ತೆರಿಗೆಯ ಭಯ. ‘ಹೆಸರು ಬರೆಸಿದರೆ ನಾಳೆ ನೋಟೀಸು ಬರುತ್ತೆ ಮೇಡಂ’ ಎನ್ನುತ್ತಾರೆ. 2025ರ ಜುಲೈನಲ್ಲಿ ಯುಪಿಐ ವಹಿವಾಟಿನ ಲೆಕ್ಕ ಹಿಡಿದು ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟೀಸು ಕೊಟ್ಟಾಗ ಈ ಭಯ ಇನ್ನೂ ಹೆಚ್ಚಿತು, ಹಲವರು ಕ್ಯೂಆರ್ ಹಾಳೆಯನ್ನೇ ಕಿತ್ತು ಹಾಕಿದರು. ಆದರೆ ವಿಷಯವನ್ನು ಪೂರ್ತಿ ತಿಳಿಯಬೇಕು. ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಸೇವೆ ನೀಡುವವರಿಗೆ 20 ಲಕ್ಷ ರೂಪಾಯಿ ವಹಿವಾಟು ದಾಟಿದಾಗ ಜಿಎಸ್‌ಟಿ ನೋಂದಣಿ ಬೇಕು. ತಾಜಾ ಹಣ್ಣು, ತರಕಾರಿ, ಹಾಲಿನಂಥ ಪದಾರ್ಥಗಳಿಗೆ ಜಿಎಸ್‌ಟಿ ಇಲ್ಲ. ಅಂಥವನ್ನು ಮಾರುವವರಿಂದ ಹಳೆಯ ಬಾಕಿ ಕೇಳುವುದಿಲ್ಲವೆಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಆ ತಿಂಗಳಲ್ಲೇ ಸ್ಪಷ್ಟಪಡಿಸಿದರು. ದಿನದ ಲೆಕ್ಕವನ್ನು ಒಂದು ನೋಟ್‌ಪುಸ್ತಕದಲ್ಲಿ ಬರೆದಿಟ್ಟವರಿಗೆ ಉತ್ತರ ಕೊಡುವುದು ಸುಲಭವಾಯಿತು. ಭಯಕ್ಕೆ ಮದ್ದು ಲೆಕ್ಕ.

ಎರಡನೆಯದು ಬಡ್ಡಿಯ ವಿಚಾರ. ನಾನು ಶಿಕ್ಷಕಿ, ಆಲಿಮ್ ಅಲ್ಲ. ಆ ಬಗ್ಗೆ ತೀರ್ಪು ಕೊಡುವುದು ನನ್ನ ಕೆಲಸವಲ್ಲ. ಆದರೆ ಒಂದು ಮಾತು ಸ್ಪಷ್ಟವಿರಲಿ: ವ್ಯಾಪಾರಿಯ ಗುರುತಿನ ಚೀಟಿ ಬೇರೆ, ಸಾಲ ಬೇರೆ. ಸಾಲ ಬೇಡವೆನ್ನುವವರೂ ಸಮೀಕ್ಷೆಯಲ್ಲಿ ಹೆಸರು ಬರೆಸಬೇಕು. ಬಡ್ಡಿರಹಿತ ಸಾಲದ ಪ್ರಯತ್ನವೂ ನಮ್ಮ ರಾಜ್ಯದಲ್ಲಿ ನಡೆದಿದೆ. 2018ರ ನವೆಂಬರ್‌ನಲ್ಲಿ ಆರಂಭವಾದ ಬಡವರ ಬಂಧು ಯೋಜನೆಯಲ್ಲಿ ಸಹಕಾರ ಬ್ಯಾಂಕುಗಳ ಮೂಲಕ ಬೀದಿ ವ್ಯಾಪಾರಿಗಳಿಗೆ 2,000ದಿಂದ 10,000 ರೂಪಾಯಿವರೆಗೆ ಬಡ್ಡಿ ಇಲ್ಲದೆ ಕೊಡಲಾಯಿತು. ಅಂಥದ್ದನ್ನು ಕೇಳಿ ಪಡೆಯಲೂ ನಾವು ಎಷ್ಟು ಜನ ಇದ್ದೇವೆಂಬ ಲೆಕ್ಕ ಬೇಕು. ಬ್ಯಾಂಕಿನ ಬಾಗಿಲು ತುಳಿಯದೆ, ಬೆಳಿಗ್ಗೆ 900 ರೂಪಾಯಿ ಪಡೆದು ಸಂಜೆ 1,000 ಕೊಡುವ ಮೀಟರ್ ಬಡ್ಡಿಯವರ ಬಳಿ ಹೋಗುವುದರಿಂದ ಯಾರಿಗೂ ಒಳಿತಾಗಿಲ್ಲ ಎಂಬುದಷ್ಟನ್ನು ನಾವೆಲ್ಲರೂ ಒಪ್ಪುತ್ತೇವೆ.

ಮೂರನೆಯದು ಭಾಷೆಯ ಅಂಜಿಕೆ. ಇದು ನನ್ನ ವಿಷಯ, ಆದ್ದರಿಂದ ಸ್ವಲ್ಪ ಹೆಚ್ಚು ಮಾತಾಡುತ್ತೇನೆ. ಉರ್ದು ಮಾಧ್ಯಮದಲ್ಲಿ ಓದಿದವರು ಕನ್ನಡದ ಸರ್ಕಾರಿ ನಮೂನೆ ನೋಡಿದರೆ ಹಿಂದೆ ಸರಿಯುತ್ತಾರೆ. ನಾನು ತರಗತಿಯಲ್ಲಿ ಕಪ್ಪು ಹಲಗೆಯ ಮೇಲೆ ಈ ಪದಗಳನ್ನು ಬರೆಯುತ್ತೇನೆ: ಅರ್ಜಿ, ದಾಖಲೆ, ರಶೀದಿ, ಶಿಫಾರಸು, ಮಂಜೂರು, ಜಾಮೀನು, ಬಾಕಿ, ವಸೂಲಿ, ಜಪ್ತಿ, ತಕರಾರು. ಆಮೇಲೆ ಕೇಳುತ್ತೇನೆ, ಇವು ಕನ್ನಡವೋ ಉರ್ದುವೋ? ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿ ನಗುತ್ತಾರೆ. ಅರಬ್ಬಿ, ಫಾರ್ಸಿಯಿಂದ ಬಂದು ಉರ್ದುವಿನಲ್ಲೂ ಕನ್ನಡದಲ್ಲೂ ಮನೆ ಮಾಡಿದ ಪದಗಳಿವು. ಪುರಸಭೆಯ ನಮೂನೆಯಲ್ಲಿ ಅರ್ಧ ಪದಗಳು ನಿಮ್ಮ ಅಜ್ಜಿಯ ಬಾಯಲ್ಲಿ ಇರುವಂಥವೇ. ಉಳಿದರ್ಧವನ್ನು ಕನ್ನಡ ಶಿಕ್ಷಕರು ಕಲಿಸುತ್ತಾರೆ. ಕನ್ನಡ ಚೆನ್ನಾಗಿ ಕಲಿಯುವುದು ಪರೀಕ್ಷೆಯ ಅಂಕಕ್ಕೆ ಮಾತ್ರವಲ್ಲ ಮಕ್ಕಳೇ, ಅಬ್ಬಾ ಅವರ ಗಾಡಿ ನಿಲ್ಲುವ ಜಾಗಕ್ಕೂ ಅದು ಬೇಕು.

ಇಂದು ಮಾಡಬಹುದಾದ ಕೆಲಸಗಳು

ಪ್ರತಿ ಮನೆಯವರೂ ಒಂದು ಫೈಲು ಮಾಡಿ. ಬೀದಿ ವ್ಯಾಪಾರಿಯಾದರೆ ಸ್ಥಳೀಯ ಸಂಸ್ಥೆಯ ಗುರುತಿನ ಚೀಟಿ ಅಥವಾ ವ್ಯಾಪಾರ ಪ್ರಮಾಣಪತ್ರ. ಅಂಗಡಿಯಾದರೆ ಟ್ರೇಡ್ ಲೈಸೆನ್ಸ್ ಅಂದರೆ ಉದ್ದಿಮೆ ಪರವಾನಗಿ, ಜೊತೆಗೆ ಕಾರ್ಮಿಕ ಇಲಾಖೆಯ ಅಂಗಡಿ ನೋಂದಣಿ. 2020ರ ಜುಲೈ 1ರಿಂದ ಜಾರಿಗೆ ಬಂದ ಉದ್ಯಮ್ ನೋಂದಣಿ. ಇದು ಸಂಪೂರ್ಣ ಉಚಿತ, ಇದಕ್ಕೆ ಸಾವಿರ ರೂಪಾಯಿ ಕೇಳುವ ದಲ್ಲಾಳಿಗಳಿಗೆ ಒಂದು ಪೈಸೆಯನ್ನೂ ಕೊಡಬೇಡಿ. ಕೂಲಿ, ಹಮಾಲಿ, ಮನೆಗೆಲಸ ಮಾಡುವವರು 2021ರ ಆಗಸ್ಟ್‌ನಲ್ಲಿ ಆರಂಭವಾದ ಇ-ಶ್ರಮ್‌ನಲ್ಲಿ ನೋಂದಾಯಿಸಬಹುದು. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿದೆಯೇ, ಹೆಸರಿನ ಕಾಗುಣಿತ ಎಲ್ಲ ಕಡೆ ಒಂದೇ ಇದೆಯೇ ನೋಡಿ. ಒಂದು ಕಾಗದದಲ್ಲಿ ಮೊಹಮ್ಮದ್, ಇನ್ನೊಂದರಲ್ಲಿ ಮಹಮ್ಮದ್, ಮತ್ತೊಂದರಲ್ಲಿ ಬರೀ ಎಂ.ಡಿ. ಎಂದಿದ್ದರೆ ಅಷ್ಟಕ್ಕೇ ಅರ್ಜಿ ತಿರಸ್ಕೃತವಾಗುವುದುಂಟು.

ಕಚೇರಿಗೆ ಹೋದಾಗ ಬಾಯಿಮಾತಿನಲ್ಲಿ ಕೇಳಿ ಬರಬೇಡಿ. ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ನಮ್ಮ ರಾಜ್ಯದ ಸಕಾಲ ಕಾಯ್ದೆಯಡಿ ಬರುವ ಸೇವೆಗಳಿಗೆ ಸ್ವೀಕೃತಿ ಸಂಖ್ಯೆ ಕೊಡಬೇಕು, ನಿಗದಿತ ದಿನಗಳೊಳಗೆ ಉತ್ತರ ಬರಬೇಕು.

ಸಂಘದ ಹಿರಿಯರಲ್ಲಿ ನನ್ನ ವಿನಂತಿ ಇಷ್ಟು. ನಮ್ಮಲ್ಲಿ ಕಂಪ್ಯೂಟರ್ ಕೊಠಡಿ ಇದೆ. ಭಾನುವಾರ ಎರಡು ಗಂಟೆ ಅದನ್ನು ಸಹಾಯ ಕೇಂದ್ರವಾಗಿ ತೆರೆಯೋಣ. ಪಿಯುಸಿ ಮತ್ತು ಪದವಿ ವಿದ್ಯಾರ್ಥಿಗಳು ಅರ್ಜಿ ತುಂಬಿಕೊಡಲಿ. ಯಾವ ಜಾತಿ, ಧರ್ಮದವರು ಬಂದರೂ ತುಂಬಿಕೊಡಲಿ. ಸಂತೆಯಲ್ಲಿ ನಮ್ಮ ಗಾಡಿಯ ಪಕ್ಕದಲ್ಲಿ ನಿಲ್ಲುವ ಸೊಪ್ಪಿನ ಅಮ್ಮನವರಿಗೂ ಇದೇ ಕಷ್ಟ ಇದೆ. ಯೋಜನೆಗಳ ವಿವರವನ್ನು ಕನ್ನಡ ಮತ್ತು ಉರ್ದುವಿನಲ್ಲಿ ಒಂದು ಪುಟದ ಕರಪತ್ರ ಮಾಡಿ ಮಸೀದಿ, ಮಂದಿರ, ಚರ್ಚು, ಬಸ್ ನಿಲ್ದಾಣಗಳಲ್ಲಿ ಹಂಚೋಣ. ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ಶ್ರಮಶಕ್ತಿಯಂಥ ಯೋಜನೆಗಳಿಗೆ ಅರ್ಜಿ ಕರೆದ ದಿನವೇ ಸೂಚನಾ ಫಲಕದಲ್ಲಿ ಹಾಕೋಣ, ಕೊನೆಯ ದಿನ ಕಳೆದ ಮೇಲೆ ಅಲ್ಲ.

ಸ್ಥಳೀಯ ಆಡಳಿತದವರಲ್ಲೂ ನನ್ನ ಕೋರಿಕೆ ಇದೆ. ಇಂದಿನ ಸಭೆಗೆ ನಮ್ಮ ವಾರ್ಡಿನ ಪ್ರತಿನಿಧಿಗಳು ಬಂದಿರುವುದರಿಂದ ಧೈರ್ಯವಾಗಿ ಹೇಳುತ್ತೇನೆ. ಸಮೀಕ್ಷೆಯನ್ನು ಕಾಲಕಾಲಕ್ಕೆ ಮಾಡಿ. ಸಂತೆ ದಿನ ಒಂದು ಸಲ, ಸಂಜೆ ಹೊತ್ತು ಒಂದು ಸಲ ಬನ್ನಿ, ಯಾಕೆಂದರೆ ಬೆಳಿಗ್ಗೆ ಹತ್ತಕ್ಕೆ ಬಂದರೆ ಕಬಾಬ್ ಗಾಡಿಯವರು, ಪಾನಿಪುರಿಯವರು ಕಾಣಸಿಗುವುದಿಲ್ಲ. ಮನೆಯೊಳಗೆ ಹೊಲಿಗೆ, ಬೀಡಿ, ಅಗರಬತ್ತಿ ಮಾಡುವ ಹೆಣ್ಣುಮಕ್ಕಳನ್ನು ಯಾವ ಪಟ್ಟಿಯಲ್ಲಿ ಸೇರಿಸಬೇಕೆಂದು ಯೋಚಿಸಿ. ಅವರ ಬಾಗಿಲು ಬೀದಿಗೆ ಕಾಣುವುದಿಲ್ಲ, ಅವರ ದುಡಿಮೆಯೂ ಕಾಣುವುದಿಲ್ಲ. ತುರ್ತು ಆದೇಶ ಬಂದಾಗ ಏನು ತೆರೆಯಬಹುದು, ಏನು ಬೇಡ, ಎಷ್ಟು ಗಂಟೆಯವರೆಗೆ, ಯಾರನ್ನು ಕೇಳಬೇಕು ಎಂಬ ನಾಲ್ಕು ಸಾಲನ್ನು ಸರಳ ಭಾಷೆಯಲ್ಲಿ ಬರೆದು ಗೋಡೆಗೆ ಅಂಟಿಸಿ. ಕೊನೆಯಲ್ಲಿ ಒಬ್ಬ ಅಧಿಕಾರಿಯ ಹೆಸರು ಮತ್ತು ಫೋನ್ ಸಂಖ್ಯೆ ಇರಲಿ. ಲಾಠಿಗಿಂತ ಆ ಕಾಗದ ಹೆಚ್ಚು ಜನರನ್ನು ಸರಿದಾರಿಗೆ ತರುತ್ತದೆ.

ಕೊನೆಯದಾಗಿ ವಿದ್ಯಾರ್ಥಿಗಳಿಗೆ ಒಂದು ಮನೆಗೆಲಸ ಕೊಡುತ್ತೇನೆ. ಇದಕ್ಕೆ ಅಂಕ ಇಲ್ಲ. ಈ ವಾರ ನಿಮ್ಮ ಮನೆಯಲ್ಲಿ ದುಡಿಯುವವರ ಪಕ್ಕದಲ್ಲಿ ಅರ್ಧ ಗಂಟೆ ಕುಳಿತು ಒಂದು ಹಾಳೆಯಲ್ಲಿ ಬರೆಯಿರಿ: ಅವರ ಪೂರ್ತಿ ಹೆಸರು, ಕಸುಬು, ಎಷ್ಟು ವರ್ಷದಿಂದ, ಎಲ್ಲಿ ನಿಂತು ಮಾಡುತ್ತಾರೆ, ಯಾವ ಕಾಗದ ಇದೆ, ಯಾವುದು ಇಲ್ಲ. ಇಲ್ಲದಿರುವುದರ ಪಟ್ಟಿಯನ್ನು ನಿಮ್ಮ ಶಿಕ್ಷಕರಿಗೆ ತಂದುಕೊಡಿ. ಲಾಕ್‌ಡೌನ್ ಕಾಲದಲ್ಲಿ ಮನೆಯ ಖರ್ಚು ತೂಗಿಸಲು ಓದು ಬಿಟ್ಟು ಗಾಡಿ ಹಿಡಿದ ಹುಡುಗರಲ್ಲಿ ಕೆಲವರು ಮತ್ತೆ ಶಾಲೆಗೆ ಬರಲೇ ಇಲ್ಲ. ಅವರ ಖಾಲಿ ಜಾಗಗಳನ್ನು ಶಿಕ್ಷಕರಾದ ನಾವು ನೋಡಿದ್ದೇವೆ. ಒಂದು ಮನೆಗೆ ಸಕಾಲಕ್ಕೆ ಎರಡು ಸಾವಿರ, ಐದು ಸಾವಿರ ತಲುಪಿದ್ದರೆ ಅವರಲ್ಲಿ ಕೆಲವರಾದರೂ ಉಳಿಯುತ್ತಿದ್ದರೇನೋ. ಇನ್ನೊಂದು ಸಂಕಟ ಬರುವ ಮೊದಲು ಈ ಹಾಳೆಗಳನ್ನು ತುಂಬೋಣ.